ಟಿವಿಯೋ ಪ್ರೊಜೆಕ್ಟರೋ? ಮೊದಲು ಗೋಡೆ ನೋಡಿ

ಕಳೆದ ಏಪ್ರಿಲ್‌ನ ಒಂದು ಭಾನುವಾರ ತುಮಕೂರಿನ ನನ್ನ ಭಾಮೈದ ಮನೆಗೆ ಕರೆದಿದ್ದ. ಹೊಸ ಪ್ರೊಜೆಕ್ಟರ್ ಬಂದಿದೆ, ಮಧ್ಯಾಹ್ನ ಮೂರೂವರೆಯ ಮ್ಯಾಚನ್ನು ನೂರು ಇಂಚಲ್ಲಿ ನೋಡೋಣ ಅಂತ. ಹೋದೆವು. ಗೋಡೆಯ ಮೇಲೆ ಏನೋ ಓಡಾಡುತ್ತಿತ್ತು. ಮೈದಾನ ಬೂದಿ ಎರಚಿದ ಹಾಗಿತ್ತು. ಬೌಲರ್ ಯಾರು ಅಂತ ಓಡಿಬರುವ ರೀತಿ ನೋಡಿ ಊಹಿಸಬೇಕು. ಓದಲು ಆಗುತ್ತಿದ್ದದ್ದು ಸ್ಕೋರ್ ಪಟ್ಟಿ ಒಂದೇ. ಕಿಟಕಿಗೆ ಬೆಡ್‌ಶೀಟ್ ಕಟ್ಟಿದರು. ಸೆಕೆ ಹೆಚ್ಚಿತು, ಚಿತ್ರ ಹಾಗೇ ಇತ್ತು. ‘ಭಾವ, ಸ್ವಲ್ಪ ಕತ್ತಲಾಗ್ಲಿ, ಆಮೇಲೆ ನೋಡಿ’ ಅಂದ. ಆರೂ ಮುಕ್ಕಾಲಿಗೆ ಕತ್ತಲಾಯಿತು. ಚಿತ್ರ ನಿಜಕ್ಕೂ ಚೆನ್ನಾಗಿ ಬಂತು. ಆದರೆ ಮ್ಯಾಚಿಗೆ ಇನ್ನು ಮೂರೇ ಓವರ್ ಉಳಿದಿತ್ತು.

ಊರೂರಿಗೆ ಬರುತ್ತಿದ್ದ ಟೂರಿಂಗ್ ಟಾಕೀಸಿನವರಿಗೆ ಈ ಗುಟ್ಟು ಗೊತ್ತಿತ್ತು. ಡೇರೆಯಲ್ಲಿ ಮೊದಲ ಆಟ ಶುರುವಾಗುತ್ತಿದ್ದುದೇ ಹೊತ್ತು ಮುಳುಗಿದ ಮೇಲೆ. ಈಗ ಅಂಗಡಿಗೆ ಹೋಗುವವರು ಇಂಚು ಕೇಳುತ್ತಾರೆ, ರೇಟು ಕೇಳುತ್ತಾರೆ, ತಮ್ಮ ಹಾಲ್‌ನಲ್ಲಿ ಎಷ್ಟು ಬೆಳಕಿದೆ ಅಂತ ಮಾತ್ರ ನೋಡಿಕೊಂಡು ಹೋಗುವುದಿಲ್ಲ. ಅದಾದ ಮೇಲೆ ಇನ್ನೂ ಮೂರು ಮನೆಗಳಲ್ಲಿ ಇದೇ ಎಡವಟ್ಟು ನೋಡಿದೆ. ಹಾಗಾಗಿ ಈ ಬರಹ.

ಹಂತ 1: ಒಂದು ವಾರ ಲೆಕ್ಕ ಇಡಿ

ಮನೆಯಲ್ಲಿ ಟಿವಿ ಎಷ್ಟು ಹೊತ್ತಿಗೆ ಆನ್ ಆಗುತ್ತದೆ ಅಂತ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಬೆಳಿಗ್ಗೆ ವಾರ್ತೆ, ಮಧ್ಯಾಹ್ನ ಅಡುಗೆ ಕಾರ್ಯಕ್ರಮ, ಸ್ಕೂಲಿಂದ ಬಂದ ಮಕ್ಕಳ ಕಾರ್ಟೂನ್, ಏಳರಿಂದ ಧಾರಾವಾಹಿ. ಹೀಗಿದ್ದರೆ ಟಿವಿ ತನ್ನಿ. ಸೀದಾ ಹಂತ 6ಕ್ಕೆ ಹೋಗಿ, ನಡುವಿನದು ನಿಮಗೆ ಬೇಡ.

ಹಂತ 2: ಗೋಡೆಯ ಪರೀಕ್ಷೆ

ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಪ್ರೊಜೆಕ್ಟರ್ ಬೆಳಕು ಎಸೆಯಬಲ್ಲದು, ಕತ್ತಲು ಎಸೆಯಲು ಅದಕ್ಕೆ ಬರುವುದಿಲ್ಲ. ಸಿನಿಮಾದಲ್ಲಿ ಎಲ್ಲಿ ಕಪ್ಪು ಇರಬೇಕೋ ಅಲ್ಲಿ ಅದು ಬೆಳಕು ಬಿಡದೆ ಸುಮ್ಮನಿರುತ್ತದೆ, ಅಷ್ಟೇ. ಆ ಜಾಗದಲ್ಲಿ ನಿಮಗೆ ಕಾಣುವುದು ನಿಮ್ಮದೇ ಗೋಡೆ. ನಾಯಕಿಯ ಜಡೆ, ರಾತ್ರಿಯ ಕಾಡು, ಪೊಲೀಸ್ ಜೀಪಿನ ಟೈರು, ಎಲ್ಲದರ ಬಣ್ಣವೂ ಗೋಡೆಯ ಬಣ್ಣವೇ.

ಹಾಗಾಗಿ ಪ್ರೊಜೆಕ್ಟರ್ ಇಲ್ಲದೆಯೇ ಪರೀಕ್ಷೆ ಮಾಡಬಹುದು. ನೀವು ದಿನಾ ಟಿವಿ ನೋಡುವ ಹೊತ್ತಿಗೆ, ದಿನಾ ಹಾಕುವ ದೀಪಗಳನ್ನೇ ಹಾಕಿ, ದಿನಾ ಕೂರುವ ಜಾಗದಲ್ಲಿ ಕುಳಿತು ಖಾಲಿ ಗೋಡೆ ನೋಡಿ. ಅದು ಎಷ್ಟು ಬೆಳ್ಳಗಿದೆಯೋ ನಿಮ್ಮ ಸಿನಿಮಾದ ಕಪ್ಪೂ ಅಷ್ಟೇ ಬೆಳ್ಳಗೆ. ಪಕ್ಕದಲ್ಲಿ ಒಂದು ಕಪ್ಪು ಕೊಡೆ ನೇತುಹಾಕಿ ಹೋಲಿಸಿ, ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಇನ್ನೊಂದು ಪರೀಕ್ಷೆ ಈ ಪೇಪರಿನದೇ. ಗೋಡೆ ಹತ್ತಿರ ನಿಂತು ಟೆಂಡರ್ ಜಾಹೀರಾತಿನ ಸಣ್ಣಕ್ಷರ ಓದಿ. ಸಲೀಸಾಗಿ ಓದಲು ಬಂದರೆ ಆ ಹೊತ್ತಿಗೆ ಆ ಗೋಡೆ ಪ್ರೊಜೆಕ್ಟರಿಗೆ ಆಗಲ್ಲ.

ಅಂಕಿ ಬೇಕು ಅನ್ನುವವರು ಮೊಬೈಲಿಗೆ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಳ್ಳಬಹುದು. ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತಿದೆ ಅನ್ನುವ ಅಳತೆ ಲಕ್ಸ್. ಮೊಬೈಲಿನ ಬೆನ್ನು ಗೋಡೆಗೆ, ಮುಖ ನಿಮ್ಮ ಕಡೆಗೆ. ಪಕ್ಕಾ ಲೆಕ್ಕ ಅಲ್ಲ, ಅಂದಾಜಿಗೆ ಸಾಕು. 10ರೊಳಗೆ ತೋರಿಸಿದರೆ ಬಹಳ ಒಳ್ಳೆಯದು. 100 ದಾಟಿದರೆ ಟಿವಿಯೇ ಸರಿ.

ಯಾಕೆ ಅಂತ ಲೆಕ್ಕ ಹಾಕೋಣ. ನೂರು ಇಂಚಿನ ಚಿತ್ರದ ವಿಸ್ತೀರ್ಣ ಸುಮಾರು 2.75 ಚದರ ಮೀಟರ್. ಯಂತ್ರ ಒಟ್ಟು ಎಷ್ಟು ಬೆಳಕು ಬಿಡುತ್ತದೆ ಅನ್ನುವ ಅಳತೆ ಲುಮೆನ್. 300 ಲುಮೆನ್‌ನ ಪ್ರೊಜೆಕ್ಟರ್ ಅಷ್ಟಕ್ಕೂ ಬೆಳಕು ಹಂಚಬೇಕು, ಅಂದರೆ ಗೋಡೆಗೆ ಬೀಳುವುದು ಸುಮಾರು 110 ಲಕ್ಸ್. ಟ್ಯೂಬ್‌ಲೈಟ್ ಉರಿಯುವ ಹಾಲ್‌ನ ಗೋಡೆಗೆ ಮೊದಲೇ 100 ಲಕ್ಸ್ ಬೀಳುತ್ತಿದೆ ಅಂದುಕೊಳ್ಳಿ. ಆಗ ಚಿತ್ರದ ಕಪ್ಪು 100, ಬಿಳಿ 210. ಬಿಳಿ ಕಪ್ಪಿನ ಎರಡರಷ್ಟು ಮಾತ್ರ! ಬೂದಿ ಎರಚಿದ ಹಾಗೆ ಕಾಣದೆ ಇನ್ನೇನು? ಅದೇ ಹಾಲ್‌ನಲ್ಲಿ ದೀಪ ಆರಿಸಿ, ಪರದೆ ಎಳೆದು 5 ಲಕ್ಸ್‌ಗೆ ಇಳಿಸಿದರೆ ಬಿಳಿ 115, ಕಪ್ಪು 5. ಇಪ್ಪತ್ತಮೂರು ಪಟ್ಟು. ಪ್ರೊಜೆಕ್ಟರ್ ಅದೇ, ಗೋಡೆ ಅದೇ. 3,000 ಲುಮೆನ್‌ನ ದುಬಾರಿ ಯಂತ್ರ ತಂದು ಟ್ಯೂಬ್‌ಲೈಟ್ ಕೆಳಗೆ ಹಾಕಿದರೆ ಸಿಗುವುದು ಹನ್ನೆರಡು ಪಟ್ಟಿನ ಆಸುಪಾಸು. ಅಂದರೆ ಕಿಟಕಿಯ ಕರ್ಟನ್‌ಗೆ ಎರಡು ಸಾವಿರ ಖರ್ಚು ಮಾಡುವುದು ದೊಡ್ಡ ಪ್ರೊಜೆಕ್ಟರಿಗೆ ಐವತ್ತು ಸಾವಿರ ಸುರಿಯುವುದಕ್ಕಿಂತ ಜಾಣತನ.

ಪೂರ್ತಿ ಕತ್ತಲಲ್ಲಿ ತುಂಬ ಬೆಳಕೇನೂ ಬೇಕಿಲ್ಲ. ಡಿಜಿಟಲ್ ಚಿತ್ರಮಂದಿರದ ಪರದೆಗೆ ಇಟ್ಟಿರುವ ಮಾನದಂಡ 48 ನಿಟ್ಸ್ (ಪರದೆಯಿಂದ ಕಣ್ಣಿಗೆ ಬರುವ ಹೊಳಪಿನ ಅಳತೆ). ನೂರು ಇಂಚಿನ ಬಿಳಿ ಗೋಡೆಯಲ್ಲಿ ಅಷ್ಟು ಬರಲು ಸುಮಾರು 420 ಲುಮೆನ್ ಸಾಕು. ನಿಜವಾದ 420 ಆಗಿರಬೇಕು, ಅಷ್ಟೇ. ಆ ‘ನಿಜವಾದ’ ಎಂಬಲ್ಲೇ ಮುಂದಿನ ತಕರಾರು.

ಹಂತ 3: ಡಬ್ಬದ ಮೇಲಿನ ಬರಹ ನಂಬಬೇಡಿ

ಭಾಮೈದನ ಎಂಟು ಸಾವಿರದ ಪ್ರೊಜೆಕ್ಟರಿನ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 9,500 ಲುಮೆನ್ಸ್ ಅಂತಿತ್ತು. ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿ 60 ವಾಟ್. ಈಗ ನಿಮ್ಮ ಮನೆಯ 9 ವಾಟಿನ ಎಲ್‌ಇಡಿ ಬಲ್ಬಿನ ಡಬ್ಬ ನೋಡಿ, 900 ಲುಮೆನ್ ಆಸುಪಾಸು ಇರುತ್ತದೆ. ವಾಟಿಗೆ ನೂರು. ಆ ಲೆಕ್ಕದಲ್ಲಿ 60 ವಾಟಿನ ಯಂತ್ರ ತಾನು ಕುಡಿದ ಕರೆಂಟನ್ನೆಲ್ಲ ಬೆಳಕು ಮಾಡಿದರೂ 6,000. ಆ ಬೆಳಕು ಒಳಗಿನ ಎಲ್‌ಸಿಡಿ, ಗಾಜು, ಲೆನ್ಸ್ ಎಲ್ಲ ದಾಟಿ ಹೊರಬರುವಷ್ಟರಲ್ಲಿ ಉಳಿಯುವುದು ಚೂರುಪಾರು. 9,500 ಎಲ್ಲಿಂದ ಬಂತು? ಡಬ್ಬ ಪ್ರಿಂಟ್ ಮಾಡಿದವನನ್ನೇ ಕೇಳಬೇಕು.

ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಿ: ‘ಆನ್ಸಿ ಲುಮೆನ್ ಎಷ್ಟು?’ ಪರದೆಯನ್ನು ಒಂಬತ್ತು ಭಾಗ ಮಾಡಿ, ಒಂದೊಂದರಲ್ಲೂ ಬೆಳಕು ಅಳೆದು ಸರಾಸರಿ ತೆಗೆಯುವ ಪದ್ಧತಿ ಅದು. ಐಎಸ್‌ಒ ಲುಮೆನ್ ಅಂದರೂ ನಡೆಯುತ್ತದೆ. ಎಲ್‌ಇಡಿ ಲುಮೆನ್, ಲೈಟ್ ಸೋರ್ಸ್ ಲುಮೆನ್ ಅಂದರೆ, ಅಥವಾ ಬರೀ ಲುಮೆನ್ ಅಂತ ಹೇಳಿ ಮಾತು ತೇಲಿಸಿದರೆ, ಥ್ಯಾಂಕ್ಸ್ ಹೇಳಿ ಹೊರಗೆ ಬನ್ನಿ.

ಎರಡನೇ ಮೋಸ ‘4ಕೆ ಸಪೋರ್ಟ್’. ಸಪೋರ್ಟ್ ಅಂದರೆ 4ಕೆ ವಿಡಿಯೊ ಕೊಟ್ಟರೆ ನುಂಗುತ್ತದೆ ಅಂತ, 4ಕೆ ತೋರಿಸುತ್ತದೆ ಅಂತ ಅಲ್ಲ. ನೀವು ನೋಡಬೇಕಾದ್ದು ‘ನೇಟಿವ್ ರೆಸಲ್ಯೂಷನ್’, ಅಂದರೆ ಯಂತ್ರ ನಿಜವಾಗಿ ತೋರಿಸುವ ಚುಕ್ಕಿಗಳ ಲೆಕ್ಕ. ಅಲ್ಲಿ 1920 × 1080 ಇರಬೇಕು. 1280 × 720 ಇದ್ದರೆ ನೂರು ಇಂಚಿನಲ್ಲಿ ಚುಕ್ಕಿ ಚುಕ್ಕಿ ಕಾಣುತ್ತದೆ. ಅದಕ್ಕಿಂತ ಕಮ್ಮಿ ಇರುವುದನ್ನು ಮಕ್ಕಳ ಆಟಿಕೆ ಅಂತಲೇ ತಿಳಿಯಿರಿ.

ಮೂರನೆಯದು ಆ್ಯಪ್. ಅಗ್ಗದ ಆಂಡ್ರಾಯ್ಡ್ ಪ್ರೊಜೆಕ್ಟರುಗಳಲ್ಲಿ ಎಷ್ಟೋ ಸಲ ನೆಟ್‌ಫ್ಲಿಕ್ಸ್ ತೆರೆಯುವುದೇ ಇಲ್ಲ, ತೆರೆದರೂ ಮಸುಕು. ಬೇಕಾದ ಅನುಮತಿ ಅದಕ್ಕೆ ಇರುವುದಿಲ್ಲ. ಇದಕ್ಕೆ ಮಾತ್ರ ಸುಲಭದ ದಾರಿ ಇದೆ. ಫೈರ್ ಟಿವಿ ಸ್ಟಿಕ್ ಥರದ್ದೊಂದು ಚುಚ್ಚಿ. ಅದಕ್ಕೆ ಕರೆಂಟನ್ನು ಅದರದೇ ಅಡಾಪ್ಟರಿನಿಂದ ಕೊಡಿ. ಪ್ರೊಜೆಕ್ಟರಿನ ಯುಎಸ್‌ಬಿಗೆ ಸಿಕ್ಕಿಸಿದರೆ ಕ್ಲೈಮ್ಯಾಕ್ಸ್ ಹೊತ್ತಿಗೆ ರೀಸ್ಟಾರ್ಟ್ ಆಗಿ ಕೂರಬಹುದು.

ಹಂತ 4: ಟೇಪ್ ಹಿಡಿಯಿರಿ

ನೂರು ಇಂಚು ಅನ್ನುವುದು ಮೂಲೆಯಿಂದ ಮೂಲೆಗೆ. ಗೋಡೆಯಲ್ಲಿ ಬೇಕಾಗುವುದು 7 ಅಡಿ 3 ಇಂಚು ಅಗಲ, 4 ಅಡಿ 1 ಇಂಚು ಎತ್ತರ. ಹಳೇ ಪೇಪರ್ ಅಂಟಿಸಿ ಅಷ್ಟು ಜಾಗ ಗುರುತು ಮಾಡಿ. ಸ್ವಿಚ್ ಬೋರ್ಡ್, ಶೋಕೇಸ್, ದೇವರ ಫೋಟೊ, ಅಜ್ಜ ಅಜ್ಜಿ ಫೋಟೊ ಯಾವುದು ಅಡ್ಡ ಬರುತ್ತದೆ ಅಂತ ಆಗಲೇ ಗೊತ್ತಾಗುತ್ತದೆ. ಅಜ್ಜಿ ಫೋಟೊ ತೆಗೆಯುವ ಬಗ್ಗೆ ಮನೆಯಲ್ಲಿ ಜಗಳವಾದರೆ ಅದು ಪ್ರೊಜೆಕ್ಟರ್ ಬರುವ ಮುಂಚೆಯೇ ಆಗಿ ಮುಗಿಯಲಿ.

ಇನ್ನು ದೂರ. ಪ್ರೊಜೆಕ್ಟರಿನ ವಿವರದಲ್ಲಿ ‘ಥ್ರೋ ರೇಷಿಯೊ’ ಅಂತ ಒಂದು ಅಂಕಿ ಇರುತ್ತದೆ. ಅದನ್ನು ಚಿತ್ರದ ಅಗಲದಿಂದ ಗುಣಿಸಿ. 1.2 ಇದ್ದರೆ 87 ಇಂಚಿಗೆ 104 ಇಂಚು, ಅಂದರೆ ಲೆನ್ಸಿನಿಂದ ಗೋಡೆಗೆ ಎಂಟೂ ಮುಕ್ಕಾಲು ಅಡಿ. ಅದರ ಹಿಂದೆ ಯಂತ್ರದ ಉದ್ದ, ವೈರು, ಗಾಳಿಯಾಡಲು ಒಂದಡಿ. ಹತ್ತಡಿಯ ರೂಮು ಅಲ್ಲಿಗೆ ಮುಗಿಯಿತು.

ಸೀಲಿಂಗಿಗೆ ನೇತುಹಾಕುವವರು ಮರೆಯುವುದು ಫ್ಯಾನು. ಪರಿಚಯದವರೊಬ್ಬರು ಕಾರ್ಪೆಂಟರ್ ಕರೆಸಿ ತೂತು ಹೊಡೆಸಿ, ಕಂಬಿ ಹಾಕಿಸಿ, ಎಲ್ಲ ಮುಗಿಸಿ ಆನ್ ಮಾಡಿದರು. ಫ್ಯಾನಿನ ರೆಕ್ಕೆ ಬೆಳಕಿಗೆ ಅಡ್ಡ ಬಂದು ಇಡೀ ಸಿನಿಮಾ ಮಿಣಮಿಣ ಅನ್ನುತ್ತಿತ್ತು. ಫ್ಯಾನ್ ಆಫ್ ಮಾಡಿದರೆ ಸೆಕೆ. ತೂತು ಹೊಡೆಸುವ ಮುಂಚೆ ಸ್ಟೂಲ್ ಹತ್ತಿ, ಅದೇ ಜಾಗದಿಂದ ಒಂದು ದಾರವನ್ನು ಚಿತ್ರದ ನಾಲ್ಕೂ ಮೂಲೆಗೆ ಎಳೆದು ನೋಡಿ. ದಾರಕ್ಕೆ ತಾಗಿದ್ದು ಬೆಳಕಿಗೂ ತಾಗುತ್ತದೆ. ಅಡುಗೆಮನೆಯಿಂದ ರೂಮಿಗೆ ಹೋಗುವ ದಾರಿಯೂ ಆ ದಾರದ ಕೆಳಗೇ ಇದ್ದರೆ ಕಾಫಿ ತಟ್ಟೆ ಹಿಡಿದ ಅಮ್ಮನ ನೆರಳು ಪ್ರತಿ ಸಿನಿಮಾದಲ್ಲೂ ಪಾತ್ರ ಮಾಡುತ್ತದೆ.

ಯಂತ್ರವನ್ನು ಮೂಲೆಯಲ್ಲಿ ಓರೆಯಾಗಿಟ್ಟು ‘ಕೀಸ್ಟೋನ್’ ಒತ್ತಿ ನೆಟ್ಟಗೆ ಮಾಡಿಕೊಳ್ಳುವುದು ಎಲ್ಲರೂ ಹಿಡಿಯುವ ಅಡ್ಡದಾರಿ. ಚಿತ್ರ ಚೌಕ ಆಗುತ್ತದೆ ನಿಜ. ಆದರೆ ಒಳಗೆ ಚಿತ್ರವನ್ನು ಕುಗ್ಗಿಸಿ, ಅಂಚಿನ ಚುಕ್ಕಿಗಳನ್ನು ಬಿಸಾಕಿ ಚೌಕ ಮಾಡಿರುತ್ತದೆ. ದುಡ್ಡು ಕೊಟ್ಟು ತಂದ 1080 ಅಲ್ಲೇ ಸೋರಿಹೋಯಿತು. ಎದುರಿಗೆ ನೆಟ್ಟಗೆ ಇಡಲು ಜಾಗ ಇಲ್ಲದಿದ್ದರೆ ಪ್ರೊಜೆಕ್ಟರಿಗೇ ಜಾಗ ಇಲ್ಲ ಅಂತ ಅರ್ಥ.

ಹಂತ 5: ಪರದೆ, ಸದ್ದು, ಕರೆಂಟು

ಪುಟ್ಟಿ ಹಾಕಿ ನುಣುಪು ಮಾಡಿದ, ಹೊಳಪಿಲ್ಲದ ಬಿಳಿ ಬಣ್ಣದ ಗೋಡೆ ಶುರುವಿಗೆ ಸಾಕು. ಹೊಳೆಯುವ ಆಯಿಲ್ ಪೇಂಟ್ ಬೇಡ, ನಡುವೆ ದೀಪದ ಕಲೆ ಕಾಣುತ್ತದೆ. ಬಿಳಿ ಪಂಚೆ ಕಟ್ಟಿದರೆ ಅರ್ಧ ಬೆಳಕು ಆಚೆ ಹೋಗುತ್ತದೆ, ಮುಖಗಳ ಮೇಲೆಲ್ಲ ನಿರಿಗೆ.

ಪ್ರೊಜೆಕ್ಟರಿನ ಒಳಗಿನ ಸ್ಪೀಕರ್ ಲೆಕ್ಕಕ್ಕಿಲ್ಲ, ಅದರ ಫ್ಯಾನಿನ ಸದ್ದೇ ಜಾಸ್ತಿ. ವೈರಿನ ಸ್ಪೀಕರ್ ಹಾಕಿ. ಬ್ಲೂಟೂತ್ ಆದರೆ ಚೆಂಡು ಬೌಂಡರಿ ಕಡೆ ಹೊರಟ ಮೇಲೆ ಟಕ್ ಅಂತ ಕೇಳಿಸುವ ಸಾಧ್ಯತೆ ಇದೆ. ಎಲ್‌ಇಡಿ, ಲೇಸರ್ ಅಲ್ಲದ, ಒಳಗೆ ಲ್ಯಾಂಪ್ ಉರಿಯುವ ದೀಪದ ಪ್ರೊಜೆಕ್ಟರ್ ಆದರೆ ಇನ್ವರ್ಟರ್ ಮೇಲೆ ಇರಲಿ. ಕರೆಂಟ್ ಫಟ್ಟನೆ ಹೋದರೆ ಕಾದ ದೀಪ ತಣಿಸುವ ಫ್ಯಾನೂ ನಿಲ್ಲುತ್ತದೆ. ಆ ದೀಪದ ಆಯಸ್ಸು ಸಾಮಾನ್ಯವಾಗಿ 3,000ದಿಂದ 5,000 ಗಂಟೆ. ದಿನಕ್ಕೆ ಐದು ಗಂಟೆ ಧಾರಾವಾಹಿ ಓಡಿದರೆ ಎರಡು ಮೂರು ವರ್ಷಕ್ಕೆ ಹೊಸ ದೀಪ. ಎಲ್‌ಇಡಿ, ಲೇಸರ್ ಆದರೆ 20,000 ಗಂಟೆ ಅನ್ನುತ್ತಾರೆ. ಮಳೆಗಾಲದಲ್ಲಿ ದೀಪದ ಹುಳಗಳು ಗೋಡೆ ಹುಡುಕಿ ಬರುತ್ತವೆ, ಅವನ್ನು ಹುಡುಕಿ ಹಲ್ಲಿ ಬರುತ್ತದೆ. ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ.

ಹಂತ 6: ಟಿವಿ ಅಂತ ತೀರ್ಮಾನವಾದರೆ

ನನ್ನ ಮಾತು ಕೇಳಿದರೆ ಹತ್ತು ಮನೆಗಳಲ್ಲಿ ಎಂಟಕ್ಕೆ ಇದೇ ಸರಿ. ಏಳಡಿ ದೂರದಿಂದ ನೋಡುವವರಿಗೆ 55 ಇಂಚಿನ 4ಕೆ ಸಾಕಷ್ಟು ದೊಡ್ಡದು. ‘32 ಇಂಚಿಗೆ ನಿಲ್ಲಿಸಿ, ದೊಡ್ಡದಕ್ಕೆ ಟ್ಯಾಕ್ಸ್ ಜಾಸ್ತಿ’ ಅನ್ನುವ ಹಳೇ ಸಲಹೆ ಈಗ ನಡೆಯಲ್ಲ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟಿವಿಗೂ, ಪ್ರೊಜೆಕ್ಟರಿಗೂ ಜಿಎಸ್‌ಟಿ 28ರಿಂದ ಶೇ 18ಕ್ಕೆ ಇಳಿದಿದೆ. ಕುಳಿತಾಗ ಕಣ್ಣಿನ ಎತ್ತರಕ್ಕೆ ಪರದೆಯ ನಡುಭಾಗ ಬರಲಿ. ಬಾಗಿಲಿಗಿಂತ ಮೇಲೆ ಹಾಕಿಸಿ ಕತ್ತು ನೋವು ಅಂತ ಔಷಧಿ ಹಚ್ಚಿಕೊಳ್ಳುವವರನ್ನು ನೋಡಿದ್ದೇನೆ. ಶೋರೂಮಿನ ‘ವಿವಿಡ್’ ಮೋಡ್ ಮನೆಗೆ ಬಂದ ದಿನವೇ ತೆಗೆದು ‘ಸಿನಿಮಾ’ಕ್ಕೆ ಹಾಕಿ. ಕಂಪನಿ ಯಾವುದಾದರೂ ಇರಲಿ, ಸರ್ವೀಸ್ ಸೆಂಟರ್ ನಿಮ್ಮ ಊರಲ್ಲೋ ಪಕ್ಕದ ಊರಲ್ಲೋ ಇರಬೇಕು.

ಎರಡೂ ಬೇಕು ಅನ್ನುವವರು ಮೊದಲು ಟಿವಿ ತನ್ನಿ. ಪ್ರೊಜೆಕ್ಟರನ್ನು ಒಂದು ರಾತ್ರಿಗೆ ಬಾಡಿಗೆ ತಂದು ನಿಮ್ಮದೇ ಗೋಡೆಗೆ ಹಾಕಿ ನೋಡಿ. ಮದುವೆ, ಸೆಮಿನಾರಿಗೆ ಬಾಡಿಗೆ ಕೊಡುವವರು ಎಲ್ಲ ಊರಲ್ಲೂ ಇದ್ದಾರೆ.

ಯಾವುದೇ ಬರಲಿ, ಬಂದ ದಿನವೇ ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಸತ್ತ ಚುಕ್ಕಿ (ಬಣ್ಣ ಬದಲಿಸದೆ ನಿಂತುಬಿಟ್ಟದ್ದು) ಇದೆಯಾ ನೋಡಿ. ಪ್ರೊಜೆಕ್ಟರ್ ಆದರೆ ನಾಲ್ಕು ಮೂಲೆಯಲ್ಲೂ ಅಕ್ಷರ ಚೂಪಾಗಿ ಬರುತ್ತದಾ ನೋಡಿ. ನಡುವೆ ಚೂಪು, ಮೂಲೆಯಲ್ಲಿ ಮಸುಕು ಅಂದರೆ ಲೆನ್ಸೇ ಸರಿಯಿಲ್ಲ, ತಿರುಗಿಸಿ ತಿರುಗಿಸಿ ಕೈ ನೋಯಿಸಿಕೊಳ್ಳಬೇಡಿ, ವಾಪಸ್ ಕೊಡಿ. ಕೊಡಲು ಡಬ್ಬ ಬೇಕು. ವಾಪಸಾತಿ ಗಡುವು ಮುಗಿಯುವ ತನಕ ಥರ್ಮಾಕೋಲ್ ಸಮೇತ ಎತ್ತಿಡಿ, ಗುಜರಿಯವನಿಗೆ ಹಾಕಬೇಡಿ.