ಬ್ರೆಡ್ ಮಾರೋ ಅಮ್ಮನ ಉದ್ರಿ ಪುಸ್ತಕ: ಕಿನ್ಶಾಸಾದಲ್ಲಿ ನನ್ನ ಪೇಂಟಿಂಗ್ ಅನುಭವ

ಮೂರು ವರ್ಷದಿಂದ "ಗೋಡೌನ್ ಲೆಕ್ಕ ನೋಡ್ಕೊಂಡು ಸುಮ್ನಿರಯ್ಯ" ಅಂತಿದ್ದ ರೂಮ್‌ಮೇಟ್‌ಗಳೇ ಈಗ ನಾಲ್ಕು ಜನರ ಮುಂದೆ ನನ್ನ ಆರ್ಟಿಸ್ಟ್ ಅಂತ ಪರಿಚಯ ಮಾಡಿಕೊಡ್ತಾರೆ. ಅದಕ್ಕೇ ಬರೀತಿದೀನಿ. ಬ್ರಷ್ ಹಿಡಿಯೋದು, ಪ್ರೈಮರ್ ಹೊಡೆಯೋದು ನಿಮಗೆ ಗೊತ್ತಿರುತ್ತೆ, ಅದನ್ನ ಬಿಡ್ತೀನಿ.

ನಾನು ದಾವಣಗೆರೆಯಲ್ಲಿ ಬೋರ್ಡ್ ಬರೀತಿದ್ದೋನು. ಫ್ಲೆಕ್ಸ್ ಬಂದು ಹೊಟ್ಟೆ ಮೇಲೆ ಹೊಡೀತು, ಪರಿಚಯದವರ ಕೈಹಿಡಿದು ಆಫ್ರಿಕಾದ ಡಿ.ಆರ್. ಕಾಂಗೋದ ರಾಜಧಾನಿ ಕಿನ್ಶಾಸಾಗೆ ಬಂದೆ. ಇಲ್ಲಿಗೆ ಬಂದಮೇಲೆ ಗೊತ್ತಾಯ್ತು, ಈ ಊರಿನ ಹೆಸರಾಂತ ಪೇಂಟರ್ ಶೇರಿ ಸಾಂಬಾ ಕೂಡ ನಮ್ಮ ಕಸುಬಿನೋರೇ. 1972ರಲ್ಲಿ ಹಳ್ಳಿ ಬಿಟ್ಟು ಕಿನ್ಶಾಸಾಗೆ ಬಂದು ಬೋರ್ಡ್ ಬರೆದು, 1975ರಲ್ಲಿ ಸ್ವಂತ ಅಂಗಡಿ ಹಾಕಿ, 1989ಕ್ಕೆ ಪ್ಯಾರಿಸ್‌ನ ದೊಡ್ಡ ಪ್ರದರ್ಶನಕ್ಕೆ ಹೋದೋರು. ಬರೀ ಚಿತ್ರ ಇದ್ರೆ ಜನ ನೋಡಿ ಮುಂದೆ ಹೋಗ್ತಾರೆ, ಅಕ್ಷರ ಇದ್ರೆ ನಿಂತು ಓದ್ತಾರೆ ಅನ್ನೋದು ಅವರ ಲೆಕ್ಕ, ಹಂಗಾಗಿ ಚಿತ್ರದೊಳಗೇ ಫ್ರೆಂಚು, ಇಲ್ಲಿನ ಜನ ಆಡೋ ಲಿಂಗಾಲಾ ಎಲ್ಲ ಬರೆದ್ರು. ಅಕ್ಷರ ತಾನೇ, ನಂಗೂ ಬರುತ್ತೆ ಅನ್ಕೊಂಡೆ.

ಮೊದಲು ಬಟ್ಟೆನೇ ಕೈಕೊಡ್ತು. ಇದೇ ದೇಶದ ಲುಬುಂಬಾಶಿ ಊರಿನ ಪೇಂಟರ್ ಚಿಬುಂಬಾ ಕಾಂಡಾ ಮಾತುಲು 1970ರ ದಶಕದಲ್ಲಿ ಹಿಟ್ಟಿನ ಚೀಲದ ಮೇಲೆ ದೇಶದ ಚರಿತ್ರೆನೇ ಬರೆದೋರು, ನಮ್ಮ ಗೋಡೌನಲ್ಲಿ ಚೀಲಕ್ಕೇನು ಬರ ಅಂತ ಹತ್ತು ಚೀಲ ತಂದೆ, ಆದ್ರೆ ಈಗಿನವು ಪ್ಲಾಸ್ಟಿಕ್ ನೇಯ್ಗೆದು, ಒಣಗಿದಮೇಲೆ ಬಣ್ಣ ಹಪ್ಪಳದ ಥರ ಎದ್ದು ಬಂತು. ಆಮೇಲೆ ಕಾಟನ್ ತಗೊಂಡು ಅಮ್ಮ ಸೀರೆಗೆ ಹಾಕ್ತಿದ್ದ ಹಂಗೆ ಗಂಜಿ ಹಾಕಿದೆ, ಅಕ್ಕಿ ಬದಲು ಇಲ್ಲಿ ಸಿಗೋ ಮರಗೆಣಸಿನ ಹಿಟ್ಟಿನ ಗಂಜಿ. ಮಳೆ ಇಲ್ಲದಾಗ ಡೋಲು ಥರ ಬಿಗಿ. ಅಕ್ಟೋಬರ್ ಮಳೆ ಶುರುವಾಗಿದ್ದೇ ಹಸಿರು ಬೂಸ್ಟು, ಐದು ಚಿತ್ರ ಹೋಯ್ತು. ಬಟ್ಟೆ, ಬಣ್ಣ, ಫ್ರೇಮು ಸೇರಿ ಸುಮಾರು 180 ಡಾಲರ್ ನೀರಿಗೆ ಹಾಕ್ದಂಗಾಯ್ತು. ಈಗ ಗಂಜಿ ಬಿಟ್ಟು ಎಮಲ್ಷನ್‌ಗೆ ಇನ್ನೊಂದು ಸಾಮಾನು ಬೆರೆಸ್ತೀನಿ. ಏನು ಅಂತ ಕೇಳಬೇಡಿ.

ಬಟ್ಟೆ ಸರಿಹೋಯ್ತು, ಚಿತ್ರ ಮಾತ್ರ ಮಾರಾಟ ಆಗ್ಲಿಲ್ಲ. ನಮ್ಮ ಗೇಟ್ ಹತ್ರ ಬೆಳಿಗ್ಗೆ ಬೇಸಿನ್ ಹೊತ್ತು ಬ್ರೆಡ್ ಮಾರೋ ಅಮ್ಮ ಒಬ್ರು ಬರ್ತಾರೆ. (ಇಲ್ಲಿ ಎಲ್ಲರೂ ಅವರನ್ನ ಮಾಮಾ ಅಂತಾರೆ, ಮೊದಮೊದಲು ನಂಗೆ ಸೋದರಮಾವನ್ನ ಕರೆದಂಗಾಗಿ ನಗು ಬರೋದು.) ಸಮಾಜಕ್ಕೆ ಸಂದೇಶ ಕೊಡ್ಬೇಕು ಅಂತ ಅವರಿಗೆ ಹರಿದ ರವಿಕೆ, ಬಾಗಿದ ಬೆನ್ನು, ಕಣ್ಣಲ್ಲಿ ನೀರು ಬರೆದು ದೊಡ್ಡದಾಗಿ ತೋರಿಸಿದೆ. ಅವರು ಒಂದು ನಿಮಿಷ ನೋಡಿ, ಲಿಂಗಾಲಾದಲ್ಲಿ, "ಇದು ಯಾರು?" ಅಂದ್ರು. ಆಮೇಲೆ ತಮ್ಮ ಲಿಪುಟಾದ, ಅಂದ್ರೆ ಸುತ್ಕೊಳೋ ಬಣ್ಣದ ಬಟ್ಟೆಯ, ಮಡಿಕೆ ಎಳೆದು ತೋರಿಸಿದ್ರು. ಇಸ್ತ್ರಿ ಗೆರೆ ಚಾಕು ಇಟ್ಟಂಗಿತ್ತು. ಅವರ ಏರಿಯಾದಲ್ಲಿ ಕರೆಂಟ್ ಇರೋದಕ್ಕಿಂತ ಇಲ್ಲದಿರೋದೇ ಜಾಸ್ತಿ, ಇದ್ದಿಲ ಇಸ್ತ್ರಿಪೆಟ್ಟಿಗೆಲಿ ಬೆಳಗಿನ ಜಾವ ಎದ್ದು ತೀಡ್ತಾರಂತೆ. ಮೂರು ವರ್ಷದಿಂದ ದಿನಾ ಬ್ರೆಡ್ ತಗೊಂಡಿದ್ದೆ, ಆ ಗೆರೆ ನೋಡಿರ್ಲಿಲ್ಲ.

ಆ ಚಿತ್ರಕ್ಕೆ ಬಿಳಿ ಬಳಿದು ಅದೇ ಬಟ್ಟೆ ಮೇಲೆ ಮತ್ತೆ ಶುರು ಮಾಡಿದೆ. ಬೆನ್ನು ನೆಟ್ಟಗೆ, ಸ್ಟೂಲ್ ಮೇಲೆ ಕೂತು ಮೊಣಕಾಲ ಮೇಲೆ ಉದ್ರಿ ನೋಟ್‌ಬುಕ್ ಇಟ್ಕೊಂಡು ಬರೀತಿರೋ ಹಂಗೆ. ಮೈಬಣ್ಣಕ್ಕೆ ಟ್ಯೂಬಿನ ಕಪ್ಪು ಒಂದು ತೊಟ್ಟೂ ಹಾಕಲ್ಲ, ಹಾಕಿದ್ರೆ ಮುಖ ಸತ್ತೋಗುತ್ತೆ, ಕಂದು ನೀಲಿ ಕೆಂಪಲ್ಲೇ ಎಬ್ಬಿಸ್ಬೇಕು, ಪ್ರಮಾಣ ನನ್ನ ಹತ್ರಾನೇ ಇರ್ಲಿ. ನೋಟ್‌ಬುಕ್ಕನ್ನ ನೋಡೋರ ಕಡೆ ತಿರುಗಿಸಿ ಪೂರ್ತಿ ಬರೆದೆ: ಪೊಲೀಸಪ್ಪ, ಆರು ಬ್ರೆಡ್, ನಾಳೆ. ಪಾದ್ರಿ, ನಾಲ್ಕು, ದೇವರು ಕೊಡ್ತಾನೆ. ಮೇಷ್ಟ್ರು, ಎರಡು, ಸಂಬಳ ಬಂದಿಲ್ಲ. ಅಡಿಯಲ್ಲಿ ಅವರದೇ ಮಾತು, "ಮೊಸಾಲಾ ಎಜಾ ನ್ಸೋನಿ ತೆ", ಕೆಲಸ ನಾಚಿಕೆ ಅಲ್ಲ ಅಂತ. ಬೇರೆ ಭಾಷಣ ಏನೂ ಇಲ್ಲ.

ನಡುವೆ ಒಂದು ಹುಚ್ಚು. ಸಾಂಬಾ ಚಿತ್ರದಲ್ಲಿ ಮಿನುಗು ಪುಡಿ ಇರುತ್ತಲ್ಲ, ನಾನೂ ಲಿಪುಟಾ ಮೇಲೆ ಉದುರಿಸ್ದೆ, ಗಣಪತಿ ಮಂಟಪ ಆಯ್ತು. ಕೆರೆದು ತೆಗೆಯೋಕೆ ಎರಡು ಭಾನುವಾರ.

ಪಕ್ಕದ ರಸ್ತೆಲಿರೋ ಪೇಂಟರ್ರು "ಬಿಲ್ ಬರೆದಿದೀಯ, ಚಿತ್ರ ಅಲ್ಲ" ಅಂತ ನಕ್ಕಿದ್ರು. ಗೇಟ್ ಹೊರಗೆ ನೇತಾಕಿದ ಮೊದಲ ದಿನ ವೇವಾ ಹುಡುಗ್ರು, ಅದೇ ಬೈಕ್ ಟ್ಯಾಕ್ಸಿಯೋರು, ಗಾಡಿ ನಿಲ್ಸಿ ಜೋರಾಗಿ ಓದ್ಕೊಂಡು ನಗೋರು, ಪೊಲೀಸಪ್ಪನ ಸಾಲು ಬಂದಾಗ ಮಾತ್ರ ದನಿ ಇಳಿಸೋರು. ನಾಲ್ಕನೇ ದಿನ ಒಬ್ಬ ಬಾರ್ ಮಾಲೀಕ 90 ಡಾಲರ್ ಕೊಟ್ಟು ತಗೊಂಡು ಹೋದ, ಉದ್ರಿ ಕೇಳೋರಿಗೆ ತೋರಿಸೋಕಂತೆ. ಆಮೇಲಿಂದ ಹದಿನಾಲ್ಕೋ ಹದಿನೈದೋ ಮಾಡಿದೀನಿ, ಬೈಕ್ ಹುಡುಗಂದು, ಕೈಗಾಡಿ ತಳ್ಳೋರದು, ಖರ್ಚು ಕಳೆದು ಒಂದಕ್ಕೆ 50-60 ಉಳಿಯುತ್ತೆ. ಪ್ರತಿಸಲ ಸ್ಕೆಚ್ ಮೊದಲು ಯಾರ ಚಿತ್ರವೋ ಅವರಿಗೇ ತೋರಿಸ್ತೀನಿ, ಚಪ್ಪಲಿ ಬದಲಾಯಿಸು ಅಂದ್ರೆ ಬದಲಾಯಿಸ್ತೀನಿ. ಬ್ರೆಡ್ ಅಮ್ಮಂಗೆ ಅವರ ಚಿತ್ರದ ಪ್ರತಿ ಕಾಪಿಗೆ 10 ಡಾಲರ್.

ಹೋದ ವಾರ ಅವರು ಬಂದು ಮೇಷ್ಟ್ರ ಲೈನ್ ಹೊಡೆದು ಹಾಕು, ದುಡ್ಡು ಕೊಟ್ರು ಅಂದ್ರು. ಹೊಸ ಕಾಪಿಲಿ ಅದರ ಮೇಲೆ ಕೆಂಪು ಗೆರೆ ಎಳೆದಿದೀನಿ. ಪೊಲೀಸಪ್ಪಂದು ಆರಿದ್ದಿದ್ದು ಒಂಬತ್ತಾಗಿದೆ.