ಅರಿಶಿನ, ಬಿಸಿಲು, ಸಬ್ಬಸಿಗೆ ಸೊಪ್ಪು: ಕ್ಯಾಮೆರಾ ಇಲ್ಲದ ನನ್ನ ಫೋಟೊಗಳು

ಬಿಳಿ ಅಂಗಿ ಮೇಲೆ ಹುಳಿ ಚೆಲ್ಲಿದರೆ ಏನಾಗುತ್ತದೆ ಅಂತ ಎಲ್ಲರ ಮನೆಯಲ್ಲೂ ಗೊತ್ತು. ಸೋಪು ಹಚ್ಚಿದ ಕೂಡಲೇ ಹಳದಿ ಕಲೆ ಕೆಂಪಗಾಗುತ್ತದೆ. ತೊಳೆದು ಬಿಸಿಲಿಗೆ ಹರವಿದರೆ ಕಲೆ ಮಂಕಾಗುತ್ತಾ ಹೋಗುತ್ತದೆ. ನಾನು ಈಗ ಮಾಡುವ ಫೋಟೊಗಳ ಹಿಂದಿರುವ ವಿಜ್ಞಾನ ಇಷ್ಟೇ.

ಮದುವೆ, ನಾಮಕರಣ ಅಂತ ಕ್ಯಾಮೆರಾ ಹೊತ್ತು ಓಡಾಡುವುದು ನನ್ನ ಹೊಟ್ಟೆಪಾಡು. ಅದೇ ಪೋಸು, ಅದೇ ಎಡಿಟಿಂಗು. ಸುಮ್ನೆ ಆಟಕ್ಕೆ ಅಂತ ಒಂದು ಫೋಟೊ ತೆಗೆದು ಎಷ್ಟು ಕಾಲ ಆಗಿತ್ತೋ! ಆಗ ಸಿಕ್ಕಿದ್ದು ಆಂಥೋಟೈಪ್. ಹೂವು, ಸೊಪ್ಪು, ಬೇರಿನ ಬಣ್ಣವನ್ನು ಕಾಗದಕ್ಕೆ ಬಳಿದು, ಮೇಲೆ ಏನಾದರೂ ಇಟ್ಟು ಬಿಸಿಲಿಗೆ ಇಡುವುದು. ಬಿಸಿಲು ಬಿದ್ದ ಕಡೆ ಬಣ್ಣ ಹೋಗುತ್ತದೆ, ನೆರಳಿದ್ದ ಕಡೆ ಉಳಿಯುತ್ತದೆ. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲೇ ಹೂವಿನ ರಸಗಳ ಮೇಲೆ ಈ ಪ್ರಯೋಗ ಮಾಡಿ ಬರೆದಿದ್ದರು. ಫೋಟೊವನ್ನು ನೀಲಿ ಬಣ್ಣದಲ್ಲಿ ಮೂಡಿಸುವ ಸಯನೋಟೈಪ್ ವಿಧಾನ ಕೂಡ ಅವರದೇ, ಅದೂ ಅದೇ ವರ್ಷ. ಹೂವಿನ ರಸದಲ್ಲಿ ಚಿತ್ರ ಮೂಡಲು ದಿನಗಟ್ಟಲೆ, ಕೆಲವಕ್ಕೆ ವಾರಗಟ್ಟಲೆ ಬೇಕು. ಅರಿಶಿನ ಮಾತ್ರ ಇದರಲ್ಲಿ ಚುರುಕು. ನಮ್ಮ ಮಾರ್ಚ್, ಏಪ್ರಿಲ್ ಬಿಸಿಲಿಗೆ ಎರಡು ಮೂರು ಗಂಟೆ ಸಾಕು.

ಅರಿಶಿನದ ಬಣ್ಣ ನೀರಿನಲ್ಲಿ ಸರಿಯಾಗಿ ಬಿಡುವುದಿಲ್ಲ, ಸ್ಪಿರಿಟ್‌ನಲ್ಲಿ ಬಿಡುತ್ತದೆ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ಟೇ ಆದೀತು. ಪುಡಿಯನ್ನು ಅದರಲ್ಲಿ ಕದಡಿ, ಹಳೇ ಪಂಚೆ ತುಂಡಿನಲ್ಲಿ ಸೋಸಿಕೊಳ್ಳುತ್ತೇನೆ. ಒಲೆ ಹತ್ತಿರ ಮಾತ್ರ ಬೇಡ, ಭಗ್ಗನೆ ಹೊತ್ತಿಕೊಳ್ಳುತ್ತದೆ. ದಪ್ಪ ಡ್ರಾಯಿಂಗ್ ಶೀಟಿಗೆ ಬ್ರಷ್‌ನಲ್ಲಿ ಎರಡು ಸಲ ಬಳಿದು, ಕಿಟಕಿ ಮುಚ್ಚಿದ ಕತ್ತಲೆ ಕೋಣೆಯಲ್ಲಿ ಒಣಗಿಸಬೇಕು. ಆಮೇಲೆ ಕಾಗದದ ಮೇಲೆ ಎಲೆಯನ್ನೋ ಹೂವನ್ನೋ ಇಟ್ಟು, ಹಳೇ ಫೋಟೊ ಕಟ್ಟಿನ ಗಾಜು ಮುಚ್ಚಿ, ಬಟ್ಟೆ ಕ್ಲಿಪ್ ಹಾಕಿ ತಾರಸಿಗೆ. ಈ ವರ್ಷ ಸಂಡಿಗೆ ಹಾಕೋಕೆ ಜಾಗ ಇಲ್ಲ ಅಂತ ಅಮ್ಮನ ಗೊಣಗಾಟ.

ಕಾಗದದ ಬಯಲು ಭಾಗ ತಿಳಿ ಕೆನೆ ಬಣ್ಣಕ್ಕೆ ತಿರುಗಿದಾಗ ಒಳಗೆ ತರುತ್ತೇನೆ. ಇನ್ನೊಂದು ಕೆಲಸ ಬಾಕಿ. ಗ್ರಂಥಿಗೆ ಅಂಗಡಿಯಲ್ಲಿ ಬಿಳಿಗಾರ, ಅಂದರೆ ಬೋರಾಕ್ಸ್, ಸಿಗುತ್ತದೆ. ಒಂದು ಚಮಚ ಬಿಳಿಗಾರವನ್ನು ಬಿಸಿನೀರಿಗೆ ಹಾಕಿ ಕರಗಿಸಿ, ಆರಿದ ಮೇಲೆ ಅಗಲ ತಟ್ಟೆಗೆ ಸುರಿದು, ಕಾಗದವನ್ನು ಅದರಲ್ಲಿ ಅದ್ದುವುದು. ಉಳಿದಿದ್ದ ಹಳದಿ ಕಣ್ಣೆದುರೇ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಮೊದಲ ಸಲ ಇದನ್ನು ನೋಡಿ ನಾನು ಕೂಗಿಕೊಂಡೆ. ಅಮ್ಮನಿಗೆ ಆಶ್ಚರ್ಯವೇ ಇಲ್ಲ. "ಮನೇಲಿ ಕುಂಕುಮ ಮಾಡೋವಾಗ ಅರಿಶಿನದ ಕೊಂಬಿಗೆ ಬಿಳಿಗಾರ, ನಿಂಬೆರಸ ಹಾಕ್ತಿದ್ವಲ್ಲೋ, ಇನ್ನೇನಾಗುತ್ತೆ?" ಅಂದರು.

ಆಟ ಶುರುವಾಗುವುದು ಯಾವ ವಸ್ತು ಇಡಬೇಕು ಅನ್ನುವಲ್ಲಿ. ಹೊಂಗೆ ಎಲೆಯಂಥ ದಪ್ಪ ಎಲೆ ಇಟ್ಟರೆ ಬರೀ ಆಕಾರ ಬರುತ್ತದೆ, ಒಳಗೆ ಏನೂ ಇಲ್ಲ. ಬೆಳಕನ್ನು ಅರ್ಧಂಬರ್ಧ ಬಿಡುವ ವಸ್ತು ಬೇಕು. ದಾಸವಾಳದ ಎಸಳು, ಈರುಳ್ಳಿಯ ಒಳಪೊರೆ, ನೀರಲ್ಲಿ ಕೊಳೆಸಿ ನಾರು ಮಾತ್ರ ಉಳಿಸಿದ ಅರಳಿ ಎಲೆ. ಇವುಗಳಲ್ಲಿ ನರ ನರವೂ ಬೇರೆ ಬೇರೆ ಛಾಯೆಯಲ್ಲಿ ಮೂಡುತ್ತದೆ. ಸಬ್ಬಸಿಗೆ ಸೊಪ್ಪಂತೂ ನನ್ನ ಪ್ರೀತಿಯದು. ಗಾಜಿನಡಿ ಒತ್ತಿದ ಎಳೆಗಳು ಸೂಜಿಯಷ್ಟು ಚೂಪಾಗಿ ಬರುತ್ತವೆ. ಗಾಜು ತೆಗೆದು ಹಾಗೇ ಇಟ್ಟರೆ ಮೇಲೆದ್ದ ಎಳೆಗಳು ಹೊಗೆಯಂತೆ ಮಸುಕಾಗುತ್ತವೆ. ಎರಡು ಗಂಟೆಯಲ್ಲಿ ಸೂರ್ಯ ಸರಿಯುತ್ತಾನೆ, ಜೊತೆಗೆ ನೆರಳೂ ಸರಿಯುತ್ತದೆ, ಅಲ್ವಾ? ಒಂದೇ ಚಿತ್ರದಲ್ಲಿ ಎರಡೂ ಬೇಕೆಂದರೆ ಅರ್ಧ ಸೊಪ್ಪಿಗೆ ಮಾತ್ರ ಗಾಜು.

ಗಾಜಿನ ಬಳೆಗಳದು ಇನ್ನೊಂದು ತಮಾಷೆ. ಕೆಂಪು ಬಳೆ ಗಟ್ಟಿಯಾದ ಉಂಗುರ ಬಿಡುತ್ತದೆ, ನೀಲಿ ಬಳೆಯ ಗುರುತು ತೆಳು. ಅರಿಶಿನದ ಬಣ್ಣ ಹಾರಿಸುವುದು ಮುಖ್ಯವಾಗಿ ನೀಲಿ, ನೇರಳೆ ಕಡೆಯ ಬೆಳಕು. ಅದನ್ನು ಕೆಂಪು ಗಾಜು ತಡೆಯುತ್ತದೆ, ನೀಲಿ ಗಾಜು ಒಳಗೆ ಬಿಡುತ್ತದೆ. ಇದು ಗೊತ್ತಾದ ಮೇಲೆ ಬಳೆ ಅಂಗಡಿಯಲ್ಲಿ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡುವ ಗಿರಾಕಿಯಾಗಿದ್ದೇನೆ. ಅಂಗಡಿಯವರು ಯಾರಿಗೆ ಸಾರ್ ಅಂತ ಕೇಳುತ್ತಾರೆ. ಏನು ಹೇಳಲಿ?

ಮಾಮೂಲಿ ಫೋಟೊವನ್ನೂ ಹೀಗೆ ಅಚ್ಚು ಹಾಕಬಹುದು. ನೆಗೆಟಿವ್ ಬೇಡ, ಫೋಟೊ ಇದ್ದ ಹಾಗೇ ಕಪ್ಪು ಬಿಳುಪಿನಲ್ಲಿ ಓಎಚ್‌ಪಿ ಶೀಟಿನ (ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ) ಮೇಲೆ ಪ್ರಿಂಟ್ ಹಾಕಿಸಿದರೆ ಆಯಿತು. ಕಾಂಟ್ರಾಸ್ಟ್ ಜಾಸ್ತಿ ಇರಬೇಕು. ಆದರೂ ಮುಖಗಳು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಮುಖ ತೆಗೆಯೋಕೆ ಮದುವೆ ಮನೆಗಳಿವೆ.

ಈ ಚಿತ್ರಗಳನ್ನು ಪೂರ್ತಿ ಗಟ್ಟಿ ಮಾಡುವ ದಾರಿ ಇಲ್ಲ. ಬಿಳಿಗಾರ ಹಾಕಿದರೂ ಬೆಳಕಿಗೆ ಇಟ್ಟರೆ ನಿಧಾನಕ್ಕೆ ಮಾಸುತ್ತವೆ. ಗೋಡೆಗೆ ತೂಗು ಹಾಕುವ ಆಸೆ ಬಿಡಬೇಕು. ಒಣಗಿದ ದಿನವೇ ಸ್ಕ್ಯಾನ್ ಮಾಡಿಕೊಂಡು, ಮೂಲವನ್ನು ಕಪ್ಪು ಕವರಿಗೆ ಹಾಕಿ ಬೀರುವಿನಲ್ಲಿ ಇಡುತ್ತೇನೆ. ಮಳೆಗಾಲ ಹಿಡಿದ ಮೇಲೆ ಈ ಕೆಲಸಕ್ಕೆ ಕೈ ಹಾಕುವುದಿಲ್ಲ. ಮೋಡದ ಬೆಳಕಿಗೆ ಇಡೀ ದಿನ ಇಟ್ಟರೂ ಅರೆಬರೆ ಬರುತ್ತದೆ. ನೀವು ಮಾಡುವುದಾದರೆ ಶಿವರಾತ್ರಿ ಕಳೆದ ಮೇಲೆ ಶುರು ಮಾಡಿ.