ವಾಲ್ವ್ ರೇಡಿಯೊದಲ್ಲಿ ಎಚ್‌ಟಿ ಕಡಿಮೆ ಬಂದರೆ ನಾನು ನೋಡುವ ರೀತಿ

ಹಳೇ ವಾಲ್ವ್ ಸೆಟ್ಟಿನಲ್ಲಿ ಎಚ್‌ಟಿ (ಹೈ ಟೆನ್ಷನ್, ಅಂದರೆ ವಾಲ್ವುಗಳಿಗೆ ಹೋಗುವ ದೊಡ್ಡ ಡಿಸಿ ವೋಲ್ಟೇಜ್) ಕಡಿಮೆ ತೋರಿಸಿದರೆ ಎಲ್ಲರ ಅನುಮಾನ ಮೊದಲು ಹೋಗುವುದು ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಮೇಲೆ. ನಾನು ಅದನ್ನು ಕೊನೆಗೆ ನೋಡುತ್ತೇನೆ. ಸೆಟ್ ಜಾಸ್ತಿ ಕರೆಂಟ್ ಎಳೆದರೂ ಎಚ್‌ಟಿ ಬೀಳುತ್ತದೆ, ಅಲ್ವಾ?

ಇತ್ತೀಚೆಗೆ ಕೈಗೆ ಬಂದದ್ದು ಇಸಿಎಚ್81, ಇಎಫ್89, ಇಬಿಸಿ81, ಇಎಲ್84 (ಸ್ಪೀಕರ್ ಓಡಿಸುವ ಔಟ್‌ಪುಟ್ ವಾಲ್ವ್), ಇಜೆಡ್80 (ರೆಕ್ಟಿಫೈಯರ್) ವಾಲ್ವುಗಳಿರುವ ಎಸಿ ಸೆಟ್. ಸ್ಟೇಷನ್ ಸಿಗುತ್ತಿತ್ತು, ದನಿ ಮಾತ್ರ ಒಡೆಯುತ್ತಿತ್ತು.

ಮೊದಲು ವಾಲ್ವುಗಳನ್ನು ಒಳಗಿಂದ ಬಿಸಿ ಮಾಡುವ ಹೀಟರಿನ ವೋಲ್ಟೇಜ್ ನೋಡಿದೆ. 6.3 ಇರಬೇಕಾದ ಕಡೆ 6.8 ವೋಲ್ಟ್. ಹಿಂಬದಿಯ ಲೈನ್ ವೋಲ್ಟೇಜ್ ಸೆಲೆಕ್ಟರ್ 220ರಲ್ಲಿತ್ತು, ಮನೆಯ ಲೈನ್ 240ರ ಹತ್ತಿರ. ಸೆಲೆಕ್ಟರನ್ನು 240ಕ್ಕೆ ಹಾಕಿದೆ, ಸರಿಹೋಯಿತು.

ಎಚ್‌ಟಿ ಅಳೆಯುವಾಗ ಮೀಟರಿನ ಕಪ್ಪು ವೈರಿಗೆ ಕ್ಲಿಪ್ ಹಾಕಿ ಚಾಸಿಗೆ (ಸೆಟ್ಟಿನ ಲೋಹದ ಚೌಕಟ್ಟಿಗೆ) ಕಚ್ಚಿಸುತ್ತೇನೆ. ಒಂದು ಕೈ ಜೇಬಿನಲ್ಲೇ. ಆಫ್ ಮಾಡಿದ ಮೇಲೂ ಫಿಲ್ಟರ್ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ರೆಸಿಸ್ಟರ್ ಇಟ್ಟು ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೇ ಕೈ ಹಾಕಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ/ಡಿಸಿ ಸೆಟ್ ಆದರೆ ಚಾಸಿಯೇ ಲೈವ್ ಇರಬಹುದು. ಸೆಟ್ಟನ್ನು ಮೇನ್ಸ್‌ನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಾನಂತೂ ಅದನ್ನು ಮುಟ್ಟುವುದಿಲ್ಲ.

ಎಚ್‌ಟಿ ಹೊರಬರುವ ಇಜೆಡ್80ರ ಕ್ಯಾಥೋಡಿನಲ್ಲಿ 232 ವೋಲ್ಟ್ ಬಂತು. ಸರ್ಕ್ಯೂಟ್ ಹಾಳೆಯಲ್ಲಿ 260 ಇದೆ. ಅಲ್ಲಿಂದ ನೇರ ಇಎಲ್84ರ ಕ್ಯಾಥೋಡಿಗೆ ಹೋದೆ: 11 ವೋಲ್ಟ್. ಅಲ್ಲಿರುವುದು 150 ಓಮ್ ರೆಸಿಸ್ಟರ್, ಅಂದರೆ ವಾಲ್ವ್ ಎಳೆಯುತ್ತಿದ್ದ ಕರೆಂಟ್ 73 ಮಿಲಿಆಂಪ್! 48ರ ಆಸುಪಾಸು ಇರಬೇಕಿತ್ತು. ಆ ಕರೆಂಟನ್ನು ಹಿಡಿತದಲ್ಲಿಡುವ, ಸೊನ್ನೆ ವೋಲ್ಟ್ ಇರಬೇಕಾದ ಕಂಟ್ರೋಲ್ ಗ್ರಿಡ್‌ನಲ್ಲಿ ಪ್ಲಸ್ 7. (10 ಮೆಗಾಓಮಿನ ಡಿಜಿಟಲ್ ಮೀಟರ್ ಆಗಿದ್ದಕ್ಕೆ ಅಷ್ಟು ಕಂಡಿತು. ಹಳೇ ಮುಳ್ಳಿನ ಮೀಟರ್ ಇಟ್ಟರೆ ಅದರ ಲೋಡಿಗೇ ಓದು ಕುಸಿಯುತ್ತದೆ.) ಇಬಿಸಿ81ರ ಪ್ಲೇಟಿನಿಂದ ಗ್ರಿಡ್‌ಗೆ ಬರುವ 0.01 ಮೈಕ್ರೋಫ್ಯಾರಡ್ ಪೇಪರ್ ಕೆಪಾಸಿಟರಿನ ಒಂದು ಕಾಲು ಬಿಚ್ಚಿದೆ. ಆ ಕೆಪಾಸಿಟರೇ ಸೋರಿ ಪ್ಲೇಟಿನ ವೋಲ್ಟೇಜನ್ನು ಗ್ರಿಡ್‌ಗೆ ಬಿಡುತ್ತಿತ್ತು: ಗ್ರಿಡ್ ಸೊನ್ನೆಗೆ ಬಂತು, ಕ್ಯಾಥೋಡ್ 7.2ಕ್ಕೆ ಇಳಿಯಿತು, ಎಚ್‌ಟಿ ತಾನಾಗೇ 260ಕ್ಕೆ ಏರಿತು. ಆಗಲೂ ಗ್ರಿಡ್ ಪ್ಲಸ್ಸಿನಲ್ಲೇ ಇದ್ದಿದ್ದರೆ ಇಎಲ್84 ಮೇಲೇ ಅನುಮಾನ ಪಡುತ್ತಿದ್ದೆ. ಹೊಸದಾಗಿ 630 ವೋಲ್ಟಿನ ಪಾಲಿಯೆಸ್ಟರ್ ಕೆಪಾಸಿಟರ್ ಹಾಕಿದೆ. ದನಿ ತಿಳಿಯಾಯಿತು.

ಇಜೆಡ್80 ಕಿತ್ತು ಸುಮ್ನೆ 1ಎನ್4007 ಡಯೋಡ್ ಹಾಕಿಬಿಡಿ ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಟ್ರಾನ್ಸ್‌ಫಾರ್ಮರ್ 250-0-250 ವೋಲ್ಟಿನದಾದರೆ, ಉಳಿದ ವಾಲ್ವುಗಳು ಬಿಸಿಯಾಗುವ ಮೊದಲೇ ಎಚ್‌ಟಿ 350 ವೋಲ್ಟ್ ದಾಟುತ್ತದೆ. ಎಷ್ಟೋ ಹಳೇ ಫಿಲ್ಟರ್ ಕೆಪಾಸಿಟರುಗಳ ಮಿತಿಯೇ 350. ಈ ಸೆಟ್ಟಿಗೆ ಹಾಗೆ ಮಾಡಿದ್ದರೆ ಎಚ್‌ಟಿ ಏನೋ ಏರುತ್ತಿತ್ತು. ಸೋರುವ ಕೆಪಾಸಿಟರ್ ಹಾಗೇ ಉಳಿದು ಇಎಲ್84 ಇನ್ನೂ ಬೇಗ ಹೋಗುತ್ತಿತ್ತು.